ಹಕ್ಕಿಯ ಚಿತ್ರವನ್ನು ತಿದ್ದುವದು

ಸವಣೂರು ತಾಲೂಕಿನ ಹತ್ತಿಮತ್ತೂರಿನ ಹೊಲಗಳಲ್ಲಿ ಹಿಂಗಾರಿ ಬೆಳೆಯು ಮೊಣಕಾಲೆತ್ತರಕ್ಕೆ ಬಂದಿರುವ ಕಾಲ. ಬೆಳಗಿನ ಇಬ್ಬನಿಯು ಇನ್ನೂ ಆರಿಲ್ಲ. ಬಾವಿಯ ಪಂಪಿಗೆ ಹೋಗುವ ವಿದ್ಯುತ್ತಿನ ತಂತಿಯ ಮೇಲೆ ನೀಲಕಂಠವೊಂದು ಕುಳಿತು ಕೆಳಗಿನ ನೆಲವನ್ನು ದಿಟ್ಟಿಸುತ್ತಿದೆ. ಊರಿನ ತರುಣನೊಬ್ಬನು ಬದುವಿನ ಮರೆಯಲ್ಲಿ ಒಂದು ತಾಸು ಕುಳಿತು ಅದರ ಛಾಯಾಚಿತ್ರವನ್ನು ತೆಗೆದನೆಂದು ಎಣಿಸಿಕೊಳ್ಳಬಹುದು. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಲಾಗಿ ಹಕ್ಕಿಯೇನೋ ಸ್ಫುಟವಾಗಿ ಬಂದಿದೆ. ಆದರೆ ಅದರ ಕಾಲಡಿಯಲ್ಲಿ ತಂತಿಯು ಕರಿಯ ಗೆರೆಯಂತೆ ಹಾದುಹೋಗಿದೆ, ಹಿಂದಿನ ಜಾಲಿಯ ಕಂಟಿಗೆ ಹರಕು ಪ್ಲಾಸ್ಟಿಕ್ ಚೀಲವೊಂದು ಸಿಕ್ಕಿಕೊಂಡಿದೆ, ಹಕ್ಕಿಯ ನೀಲಿಯು ಮಬ್ಬಾಗಿದೆ. ತರುಣನು ಈ ಕೆಲಸದಲ್ಲಿ ಕುಶಲನು. ಅರ್ಧ ತಾಸಿನಲ್ಲಿ ಚೀಲವು ಮಾಯವಾಯಿತು. ತಂತಿಯಿದ್ದಲ್ಲಿ ಬೇರೊಂದು ಚಿತ್ರದಿಂದ ತಂದ, ಪಾಚಿ ಹಿಡಿದ ಟೊಂಗೆಯೊಂದು ಬಂದು ನಿಂತಿತು. ನೀಲಿಯು ರತ್ನದಂತೆ ಹೊಳೆಯತೊಡಗಿತು. ಸ್ನೇಹಿತರೆಲ್ಲರೂ ಮೆಚ್ಚಿದರು. ಅಜ್ಜನು ಮಾತ್ರ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಹಕ್ಕಿ ಭಾಳ ಚಂದ ಬಂದೈತಿ. ಆದರ ಈ ಟೊಂಗಿ ಯಾವ ಗಿಡದ್ದೋ ತಮ್ಮಾ? ನಮ್ಮ ಹೊಲದಾಗ ಇಂಥಾ ಗಿಡಾ ಇಲ್ಲಲ್ಲ" ಎಂದನು.

ಈ ಪ್ರಶ್ನೆಗೆ ತರುಣನು ಏನೆಂದು ಉತ್ತರ ಕೊಡಬೇಕು? ಇದು ಸಣ್ಣ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಹಿಂದೆ ಕೆಲವೇ ಜನ ಹವ್ಯಾಸಿಗಳ ಕೈಯಲ್ಲಿದ್ದ ಈ ವಿದ್ಯೆಯು ಇಂದು ಹಳ್ಳಿಹಳ್ಳಿಗೂ ಬಂದಿದೆ. ಹಕ್ಕಿಯನ್ನು ಹೊಲದಲ್ಲಿ ನೋಡುವವರಿಗಿಂತ ಚಿತ್ರದಲ್ಲಿ ನೋಡುವವರೇ ಹೆಚ್ಚಾಗಿದ್ದಾರೆ. ಅನೇಕ ಮನೆಗಳ ಮಕ್ಕಳಿಗೆ ಹಕ್ಕಿಯೆಂದರೆ ಅದರ ಚಿತ್ರವೇ.

ಕೂಡಲೆ ಹೊಳೆಯುವ ಉತ್ತರವೊಂದಿದೆ. ಛಾಯಾಚಿತ್ರವನ್ನು ಕಿಂಚಿತ್ತೂ ಮುಟ್ಟಕೂಡದು. ಯಂತ್ರವು ಕೊಟ್ಟುದೇ ಸತ್ಯ, ಮನುಷ್ಯನ ಕೈ ಬಿದ್ದುದೆಲ್ಲವೂ ಅಸತ್ಯ ಎಂಬದೇ ಅದು. ಈ ಮತವು ಕೇಳುವದಕ್ಕೆ ಶುದ್ಧವಾಗಿದ್ದರೂ ವಿಚಾರಕ್ಕೆ ನಿಲ್ಲುವದಿಲ್ಲ. ಇಂದಿನ ಕ್ಯಾಮರಾದೊಳಗೆ ಬೆಳಕು ಬೀಳುವ ಫಲಕದಲ್ಲಿ ಲಕ್ಷಾವಧಿ ಸೂಕ್ಷ್ಮ ಬಿಂದುಗಳಿರುತ್ತವೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಫಲಕಗಳಲ್ಲಿ ಒಂದೊಂದು ಬಿಂದುವೂ ಒಂದೊಂದೇ ಬಣ್ಣವನ್ನು ಅಳೆಯುವದು: ಅರ್ಧದಷ್ಟು ಬಿಂದುಗಳು ಹಸಿರನ್ನು, ಕಾಲು ಭಾಗವು ಕೆಂಪನ್ನು, ಮತ್ತೊಂದು ಕಾಲು ಭಾಗವು ನೀಲಿಯನ್ನು. ಪ್ರತಿಯೊಂದು ಬಿಂದುವಿನಲ್ಲಿಯೂ ಉಳಿದೆರಡು ಬಣ್ಣಗಳನ್ನು ಯಂತ್ರವು ನೆರೆಯ ಬಿಂದುಗಳನ್ನು ನೋಡಿ, ಲೆಕ್ಕ ಹಾಕಿ ತುಂಬಿಕೊಡುತ್ತದೆ. ಎಂದ ಮೇಲೆ ತರುಣನು ಮುಟ್ಟುವ ಮೊದಲೇ ಚಿತ್ರದ ಬಣ್ಣದಲ್ಲಿ ಮೂರರಲ್ಲಿ ಎರಡು ಪಾಲು ಅನುಮಾನಪ್ರಮಾಣದಿಂದ ಬಂದುದು. ಬೆಳಗಿನ ಬಿಸಿಲಿನಲ್ಲಿ ಬಿಳುಪು ಯಾವದು, ನೆರಳಿನಲ್ಲಿ ಯಾವದು ಎಂಬದನ್ನೂ ಯಂತ್ರದೊಳಗಿನ ಸೂತ್ರವೇ ತೀರ್ಮಾನಿಸುವದು. ಫಿಲ್ಮಿನ ಕಾಲವೂ ಇದಕ್ಕೆ ಹೊರತಾಗಿರಲಿಲ್ಲ. ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಬೀಳುವ ಬೆಳಕನ್ನು ಒಂದೆಡೆ ಕೈಯಿಂದ ಮರೆಮಾಡಿ, ಇನ್ನೊಂದೆಡೆ ಹೆಚ್ಚು ಹೊತ್ತು ಬೀಳಗೊಟ್ಟು ಚಿತ್ರವನ್ನು ಹದಗೊಳಿಸುವದು ಆ ಕಸುಬಿನ ನಿತ್ಯದ ಕೆಲಸವಾಗಿತ್ತು. ಯಂತ್ರವನ್ನು ರಚಿಸಿದ ದೂರದೇಶದ ಶಿಲ್ಪಿಯು ತಿದ್ದಿದರೆ ಸತ್ಯ, ಹಕ್ಕಿಯನ್ನು ಕಣ್ಣಾರೆ ಕಂಡವನು ತಿದ್ದಿದರೆ ಅಸತ್ಯ ಎಂಬದು ವಿಚಿತ್ರ ನ್ಯಾಯವಾದೀತು.

ನೀಲಕಂಠದ ಬಣ್ಣವನ್ನೇ ನೋಡಬಹುದು. ಕರ್ನಾಟಕದ ರಾಜ್ಯಪಕ್ಷಿಯೆನಿಸಿದ ಈ ಹಕ್ಕಿಯ ರೆಕ್ಕೆಯಲ್ಲಿ ನೀಲಿಯ ವರ್ಣದ್ರವ್ಯವೇ ಇಲ್ಲ. ಗರಿಯ ಒಳಗಿನ ಅತಿ ಸೂಕ್ಷ್ಮವಾದ ರಚನೆಯು ಬೆಳಕನ್ನು ಚದರಿಸುವದರಿಂದ ಕಣ್ಣಿಗೆ ನೀಲಿಯು ತೋರುತ್ತದೆ. ಕುಳಿತಾಗ ಬಹುಮಟ್ಟಿಗೆ ಕಂದಾಗಿ, ಹೊಲದ ಹೆಂಟೆಗಳೊಡನೆ ಹೊಂದಿಕೊಳ್ಳುವ ಹಕ್ಕಿಯು ರೆಕ್ಕೆ ಬಿಚ್ಚಿದ ಕ್ಷಣದಲ್ಲಿ ಎರಡು ಬಗೆಯ ನೀಲಿಯಿಂದ ಝಗ್ಗೆಂದು ಬೆಳಗುವದು. ಇವೆರಡರಲ್ಲಿ ಸತ್ಯವಾದ ನೀಲಕಂಠವು ಯಾವದು? ಎರಡೂ ಅಹುದು. ಆದುದರಿಂದ ಮೋಡದ ನೆರಳಿನಲ್ಲಿ ಯಂತ್ರವು ಮಬ್ಬಾಗಿ ಗ್ರಹಿಸಿದ ನೀಲಿಯನ್ನು, ತಾನು ಕಂಡಷ್ಟರ ಮಟ್ಟಿಗೆ ತರುಣನು ಏರಿಸಿದರೆ ಅದನ್ನು ದೋಷವೆನ್ನಲಾಗದು. ಹೆಸರಿಗೆ ನೀಲಕಂಠವಾದರೂ ಈ ಹಕ್ಕಿಯ ಕಂಠವು ನೀಲವಾಗಿರುವದಿಲ್ಲ, ಬಿಳಿಯ ಗೀರುಗಳುಳ್ಳ ಕೆಂಗಂದು ಬಣ್ಣವದು. ಹೆಸರಿಗೆ ಮರುಳಾಗಿ ಯಾವನಾದರೂ ಕುತ್ತಿಗೆಗೂ ನೀಲಿಯನ್ನು ಬಳಿದರೆ ಮಾತ್ರ ನಗಬೇಕಾಗುವದು.

ಇನ್ನೊಂದು ಬಗೆಯಿಂದಲೂ ಇದನ್ನು ಪರೀಕ್ಷಿಸಬಹುದು. ಸಂಡೂರಿನ ಎಂ. ವೈ. ಘೋರ್ಪಡೆಯವರು (1931-2011) ವನ್ಯಜೀವಿಗಳ ಕಪ್ಪು-ಬಿಳುಪಿನ ಚಿತ್ರಗಳಿಗೆ ಹೆಸರಾದವರು. ಅಂಥ ಚಿತ್ರದಲ್ಲಿ ಪ್ರಕೃತಿಯ ಬಣ್ಣವೆಲ್ಲವೂ ಲೋಪವಾಗಿರುತ್ತದೆ. ಒಂದು ಟೊಂಗೆಯನ್ನು ಬದಲಿಸುವದಕ್ಕಿಂತ ಇದು ಎಷ್ಟೋ ದೊಡ್ಡ ಮಾರ್ಪಾಟು. ಆದರೂ ಅದನ್ನು ನೋಡಿ ಮೋಸಹೋದೆನೆಂದು ಯಾರೂ ಅನ್ನುವದಿಲ್ಲ. ಕಾರಣವೇನಂದರೆ ಬಣ್ಣವನ್ನು ಬಿಟ್ಟಿದೆಯೆಂಬದು ನೋಡುವವನಿಗೆ ಮೊದಲ ನೋಟಕ್ಕೇ ತಿಳಿದಿರುತ್ತದೆ; ಅಲ್ಲಿ ಮುಚ್ಚುಮರೆಯೇನೂ ಇಲ್ಲ. ಹಾಗಾದರೆ ಅಸತ್ಯದ ಲಕ್ಷಣವು ಬದಲಾವಣೆಯ ಪ್ರಮಾಣದಲ್ಲಿ ಇರದೆ, ನೋಡುವವನೊಡನೆ ಇರುವ ಒಪ್ಪಂದವನ್ನು ಗುಟ್ಟಾಗಿ ಮುರಿಯುವದರಲ್ಲಿ ಇದೆ ಎಂದಾಯಿತು.

ನಮ್ಮ ನಾಡಿನ ಕಾವ್ಯಮೀಮಾಂಸಕರು ಇದನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. ಚಕೋರವು ಬೆಳುದಿಂಗಳನ್ನು ಕುಡಿಯುವದು, ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸುವದು, ಮಳೆಗಾಲ ಮೊದಲಾಗುತ್ತಲೆ ಮಾನಸಸರೋವರಕ್ಕೆ ಹಾರಿಹೋಗುವದು ಇವೆಲ್ಲವನ್ನೂ ಅವರು ಕವಿಸಮಯವೆಂದು ಕರೆದರು. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲವೂ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಗೂ ಸೇರಿತು. ಈ ಹೆಬ್ಬಾತುಗಳು ಮಳೆಗಾಲದವರೆಗೆ ಕಾಯದೆ ಬೇಸಿಗೆಯು ಬಲಿಯುವ ಮೊದಲೇ ಉತ್ತರಕ್ಕೆ ಹೊರಟುಹೋಗುತ್ತವೆ. ಇದನ್ನು ಕಂಡ ವಾಚಕನು ಮೇಘದೂತದ ಕವಿಯನ್ನು ಸುಳ್ಳುಗಾರನೆಂದು ಜರೆಯುವನೇ? ಜರೆಯಲಾರನು. ಕವಿಗೂ ಸಹೃದಯನಿಗೂ ನಡುವೆ ಇಂಥದು ನಡೆಯುವದೆಂಬ ತಿಳಿವಳಿಕೆಯಿದೆ. ಛಾಯಾಚಿತ್ರಕ್ಕೆ ಅಂಥ ಸಮಯವು ಇನ್ನೂ ಏರ್ಪಟ್ಟಿಲ್ಲ. ಅದನ್ನು ನೋಡುವವನು, ಈ ಹಕ್ಕಿಯು ಈ ಟೊಂಗೆಯ ಮೇಲೆ ಕುಳಿತಿದ್ದಿತು, ಅದರ ಮೈಮೇಲಿಂದ ಹೊರಟ ಬೆಳಕೇ ಈ ಚಿತ್ರವನ್ನು ಬರೆಯಿತು ಎಂದು ನಂಬಿಯೇ ನೋಡುತ್ತಾನೆ. ಅಮೇರಿಕೆಯ ಚಿತ್ರಕಾರ ಆಡುಬಾನನು ಹಕ್ಕಿಗಳನ್ನು ಗುಂಡಿಕ್ಕಿ ಕೆಡವಿ, ಸತ್ತ ಹಕ್ಕಿಗೆ ತಂತಿಯನ್ನು ತೊಡಿಸಿ ಬೇಕಾದ ಭಂಗಿಯಲ್ಲಿ ನಿಲ್ಲಿಸಿ ಬರೆದನು. ಅದು ಬರೆದ ಚಿತ್ರವೆಂದು ನೋಡುವವರೆಲ್ಲರಿಗೂ ಗೊತ್ತು; ಛಾಯಾಚಿತ್ರದ ಬಲವೂ ಹೊಣೆಯೂ ಬೇರೆ. ಈ ಬಲವನ್ನೇ ಬಂಡವಾಳ ಮಾಡಿಕೊಂಡು ಕೆಲವರು ಮೋಸಕ್ಕಿಳಿದಾಗ ಸ್ಪರ್ಧೆಗಳು ಕಣ್ಣು ತೆರೆಯಬೇಕಾಯಿತು. ಲಂಡನ್ನಿನ ಪ್ರಸಿದ್ಧವಾದ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ ಬಹುಮಾನ ಪಡೆದ ತೋಳನ ಚಿತ್ರವೊಂದನ್ನು, ಆ ತೋಳವು ಪಳಗಿಸಿದ್ದಿರಬೇಕೆಂಬ ಕಾರಣದಿಂದ 2010ರಲ್ಲಿ ತಳ್ಳಿಹಾಕಿದರು. 2018ರಲ್ಲಿ ಇರುವೆಭಕ್ಷಕ ಪ್ರಾಣಿಯ ಚಿತ್ರವೊಂದಕ್ಕೆ, ಅದು ಹುಲ್ಲು ತುಂಬಿದ ಚರ್ಮವೆಂಬ ತೀರ್ಪಿನಿಂದ, ಅದೇ ಗತಿಯಾಯಿತು. ಛಾಯಾಚಿತ್ರಕಾರರ ಅಂತರರಾಷ್ಟ್ರೀಯ ಸಂಸ್ಥೆಗಳು ಕೂಡಿ 2015ರಿಂದ ಜಾರಿಗೆ ತಂದ ನಿಯಮದಂತೆ ನಿಸರ್ಗಚಿತ್ರದಲ್ಲಿ ಅಂಚನ್ನು ಕತ್ತರಿಸಬಹುದು, ಬೆಳಕನ್ನು ಹದಗೊಳಿಸಬಹುದು. ಆದರೆ ಏನನ್ನೂ ಸೇರಿಸಕೂಡದು, ಒಳಗಿನದನ್ನು ಅಳಿಸಕೂಡದು.

ನಿಯಮವು ಒಳ್ಳೆಯದೇ, ಆದರೆ ನಿಯಮದಿಂದ ವಿವೇಕದ ಕೆಲಸವು ತೀರುವದಿಲ್ಲ. ಅಂಚನ್ನು ಕತ್ತರಿಸುವದನ್ನೇ ನೋಡಬೇಕು. ಬಟ್ಟಲಿನಲ್ಲಿ ಹುಳುಗಳನ್ನಿಟ್ಟು ಹಕ್ಕಿಯನ್ನು ಬರಮಾಡಿ, ಬಟ್ಟಲನ್ನು ಮಾತ್ರ ಅಂಚಿನಾಚೆ ಕತ್ತರಿಸಿ ಒಗೆದರೆ, ಉಳಿದ ಚಿತ್ರದ ಪ್ರತಿಯೊಂದು ಬಿಂದುವೂ ಸತ್ಯವೇ. ಕುರುಕ್ಷೇತ್ರದಲ್ಲಿ ಅಶ್ವತ್ಥಾಮನ ಕುರಿತು ಧರ್ಮರಾಯನು ಆಡಿದ ಮಾತಿನಲ್ಲಿಯೂ ಸುಳ್ಳಾದ ಶಬ್ದವೊಂದೂ ಇರಲಿಲ್ಲ. ದ್ರೋಣನ ಕಿವಿಗೆ ಬೀಳದಂತೆ ಒಂದು ಶಬ್ದವನ್ನು ತಗ್ಗಿಸಿದನು, ಅಷ್ಟೆ. ಅಷ್ಟಕ್ಕೇ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥವು ನೆಲಕ್ಕೆ ತಾಗಿತು. ಇದಕ್ಕೆ ವಿಪರೀತವಾಗಿ, ಅಪರೂಪದ ಗೂಬೆಯೊಂದು ಹಗಲು ಮಲಗುವ ಮರದ ಸ್ಥಳವನ್ನು ಹೇಳದೆ ಬಿಡುವವನು ಅಪರಾಧಿಯಲ್ಲ. ಹೇಳಿದರೆ ನಾಳೆಯೇ ನಲವತ್ತು ಕ್ಯಾಮರಾಗಳು ಅಲ್ಲಿ ನೆರೆದಾವು. ಅವನು ಮೌನವಾಗಿದ್ದಾನೆ, ಮೌನವಾಗಿರುವದನ್ನು ಬಚ್ಚಿಟ್ಟಿಲ್ಲ. ಈ ಎರಡರ ಭೇದವನ್ನು ಯಾವ ನಿಯಮಾವಳಿಯೂ ಬರೆದು ತೋರಿಸಲಾರದು.

ಇಷ್ಟು ಹೊತ್ತು ಹೇಳಿದುದೆಲ್ಲವೂ ಚಿತ್ರವನ್ನು ತೆಗೆದ ಮೇಲಿನ ತಿದ್ದುಪಡಿಯ ಮಾತು. ಇದಕ್ಕಿಂತ ಘನವಾದ ಇನ್ನೊಂದು ತಿದ್ದುಪಡಿಯಿದೆ. ಅದರ ಚರ್ಚೆಯು ಸ್ಪರ್ಧೆಗಳ ಸಭೆಯಲ್ಲಿ ಕಡಿಮೆ, ಏಕೆಂದರೆ ಅದು ಚಿತ್ರದಲ್ಲಿ ಕಾಣಿಸುವದಿಲ್ಲ. ಟುವ್ವಿ ಹಕ್ಕಿಯು ಎಲೆಯ ಅಂಚುಗಳನ್ನು ನಾರಿನಿಂದಲೂ ಹತ್ತಿಯ ಎಳೆಯಿಂದಲೂ ಹೊಲಿದು ಅದರೊಳಗೆ ಗೂಡು ಮಾಡುವದು. ಗೂಡಿನ ಮುಂದೆ ಇನ್ನೆರಡು ಎಲೆಗಳು ಅಡ್ಡ ಬಂದಿರುತ್ತವೆ. ಅವು ಕ್ಯಾಮರಾದ ಕಣ್ಣಿಗೆ ಅಡ್ಡಿ, ಆದರೆ ಮರಿಗಳ ಪಾಲಿಗೆ ಅವೇ ಮಾಡು, ಅವೇ ಬಾಗಿಲು. ಛಾಯಾಗ್ರಾಹಕನು ಅವನ್ನು ಚಿವುಟಿ ಹಾಕಿ, ಚಿತ್ರ ತೆಗೆದು, ಸಂತೋಷದಿಂದ ಮನೆಗೆ ಹೋಗುತ್ತಾನೆ. ಮಧ್ಯಾಹ್ನದ ಬಿಸಿಲು ನೇರವಾಗಿ ಬರಿಮೈಯ ಮರಿಗಳ ಮೇಲೆ ಬೀಳುವದು. ಕಾಗೆಗೂ ದಾರಿಯು ಸಲೀಸಾಗುವದು. ಎರೆಹೊಲದ ಬಯಲಿನಲ್ಲಿ ಟಿಟ್ಟಿಭವು ಗೂಡನ್ನು ಕಟ್ಟದೆ, ಬರಿಯ ನೆಲದ ತಗ್ಗಿನಲ್ಲಿ ಮಣ್ಣಿನ ಬಣ್ಣದ ನಾಲ್ಕು ತತ್ತಿಗಳನ್ನು ಇಡುವದು. ಮನುಷ್ಯನು ಅಲ್ಲಿ ಕುಳಿತಷ್ಟು ಹೊತ್ತೂ ತಾಯಿಯು ತತ್ತಿಗೆ ಮರಳದೆ ತಲೆಯ ಮೇಲೆ ಕೂಗುತ್ತ ಸುತ್ತುವದು. ತತ್ತಿಗಳು ಬಿಸಿಲಿನಲ್ಲಿ ಕಾಯುವವು. ಪಶ್ಚಿಮದ ಕಾಡುಗಳಲ್ಲಿ ನವರಂಗದ ಕೂಗನ್ನು ಮೊಬೈಲಿನಲ್ಲಿ ಮೇಲಿಂದಮೇಲೆ ನುಡಿಸಿ, ಪ್ರತಿಸ್ಪರ್ಧಿಯು ಬಂದನೆಂದು ಅದು ಕಳವಳಗೊಂಡು ಬಯಲಿಗೆ ಬರುವಂತೆ ಮಾಡುವದೂ ಇದೇ ಜಾತಿಯದು.

ಚಿತ್ರವಾದ ಮೇಲೆ ಕಂಪ್ಯೂಟರಿನಲ್ಲಿ ಎಲೆಯನ್ನು ಅಳಿಸುವವನನ್ನು ಸ್ಪರ್ಧೆಯು ಹೊರಗೆ ಹಾಕುವದು. ಚಿತ್ರಕ್ಕೆ ಮೊದಲೇ ಗಿಡದಲ್ಲಿ ಎಲೆಯನ್ನು ಕಿತ್ತವನ ಚಿತ್ರವು ಅಪ್ಪಟ ಸತ್ಯವೆಂದು ಒಳಗೆ ಬರುವದು. ಮೊದಲನೆಯವನು ನೋಡುವವನಿಗೆ ಋಣಿಯಾದನು; ಎರಡನೆಯವನು ಹಕ್ಕಿಗೆ ಋಣಿಯಾದನು, ಆ ಋಣವನ್ನು ತೀರಿಸುವ ಬಗೆಯೇ ಅವನಿಗಿಲ್ಲ. ಇವರಿಬ್ಬರಲ್ಲಿ ಹೆಚ್ಚು ದೋಷಿಯು ಯಾರೆಂದು ಕೇಳಿದರೆ, ಎರಡನೆಯವನೆಂದು ನಿಸ್ಸಂಕೋಚವಾಗಿ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಹಾಗೆಯೇ ಹೇಳುತ್ತದೆ. ಆ ಕಾಯಿದೆಯು ಬೇಟೆಯೆಂಬ ಶಬ್ದಕ್ಕೆ ಕೊಟ್ಟ ಅರ್ಥದಲ್ಲಿ ಕಾಡುಹಕ್ಕಿಯ ತತ್ತಿಗೂ ಗೂಡಿಗೂ ತೊಂದರೆ ಮಾಡುವದು ಸೇರಿದೆ. ಬಂದೂಕನ್ನು ಕೆಳಗಿಟ್ಟು ಕ್ಯಾಮರಾವನ್ನು ಎತ್ತಿಕೊಂಡೆನೆಂದು ಹೆಮ್ಮೆಪಡುವವನು ಕಾಯಿದೆಯ ಕಣ್ಣಿಗೆ ಇನ್ನೂ ಬೇಟೆಗಾರನೇ ಆಗಿರಬಹುದು.

ಆದರೆ ಹಿಂದಿನವರು ಗೂಡಿನ ಹತ್ತಿರವೇ ಚಿತ್ರ ತೆಗೆಯುತ್ತಿದ್ದರಲ್ಲ ಎಂಬ ಆಕ್ಷೇಪವು ಬರಬಹುದು. ನಿಜವೇ. 1895ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಲಾಜ್ ಎಂಬವನು ತೆಗೆದ, ಮೊಟ್ಟಮೊದಲಿನ ಕಾಡುಹಕ್ಕಿಯ ಛಾಯಾಚಿತ್ರವೆಂದು ಹೆಸರಾದ ಚಿತ್ರವು, ತತ್ತಿಗೆ ಕಾವು ಕೊಡುತ್ತಿದ್ದ ಟಿಟ್ಟಿಭದ ಜಾತಿಯದೇ ಒಂದು ಹಕ್ಕಿಯದು. ಅದೇ ದೇಶದ ಕಿಯರ್ಟನ್ ಸಹೋದರರು 1900ರ ಸುಮಾರಿಗೆ ಎತ್ತಿನ ಚರ್ಮದಿಂದ ಟೊಳ್ಳಾದ ಎತ್ತನ್ನೇ ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಹಕ್ಕಿಗಳ ಚಿತ್ರ ತೆಗೆದರು. ಎರಿಕ್ ಹಾಸ್ಕಿಂಗನು 1937ರಲ್ಲಿ ಗೂಬೆಯೊಂದರ ಉಗುರಿನ ಹೊಡೆತಕ್ಕೆ ಒಂದು ಕಣ್ಣನ್ನೇ ಕಳೆದುಕೊಂಡನು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ (1932-2017) ಇವರ ತಲೆಮಾರು ಫಿಲ್ಮಿನ ಸುರುಳಿಯೊಂದಕ್ಕೆ ಮೂವತ್ತಾರೇ ಚಿತ್ರಗಳೆಂಬ ಮಿತಿಯಲ್ಲಿ, ದಿನಗಟ್ಟಲೆ ಕಾದು ಕೆಲಸ ಮಾಡಿತು. ಫಿಲ್ಮು ಮಂದವಾಗಿದ್ದು, ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ಲೆನ್ಸು ಕೈಗೆಟುಕದಿದ್ದ ಕಾಲದಲ್ಲಿ, ಹಕ್ಕಿಯು ತಪ್ಪದೆ ಮರಳಿ ಬರುವ ಸ್ಥಳವೆಂದರೆ ಗೂಡೊಂದೇ ಆಗಿತ್ತು. ಇಂದು ನೂರು ಅಡಿಯ ಆಚೆಯಿಂದ ಕಣ್ಣಿನ ರೆಪ್ಪೆಯನ್ನು ಕಾಣಿಸುವ ಲೆನ್ಸುಗಳು ಬಂದಿವೆ. ಅಂದಿನ ಅನಿವಾರ್ಯವು ಇಂದಿನ ಚಟವಾಗಿ ಉಳಿದರೆ ಅದಕ್ಕೆ ಪೂರ್ವಿಕರ ಹೆಸರನ್ನು ಹೇಳುವದು ನ್ಯಾಯವಲ್ಲ.

ಇಲ್ಲಿಗೆ ತರುಣನು ಸಮಾಧಾನದ ಉಸಿರು ಬಿಟ್ಟು ಹೀಗೆನ್ನಬಹುದು: "ಹಾಗಾದರೆ ತಪ್ಪು ಹೊಲದಲ್ಲಿದೆ, ಕಂಪ್ಯೂಟರಿನಲ್ಲಿಲ್ಲ. ಹಕ್ಕಿಗೆ ತೊಂದರೆ ಕೊಡದೆ, ಮನೆಯಲ್ಲಿ ಕುಳಿತು ತಂತಿಯನ್ನು ಅಳಿಸಿದರೆ ಹಾನಿಯು ಯಾರಿಗೆ? ಇದನ್ನು ಸ್ಪರ್ಧೆಗೆ ಕಳುಹುವವನಲ್ಲ, ಗೋಡೆಗೆ ಹಾಕುವವನು. ಕಣ್ಣಿಗೆ ಸುಖವಾಗಲಿ ಎಂಬದಷ್ಟೇ ಉದ್ದೇಶ." ಈ ವಾದವನ್ನು ಲಘುವಾಗಿ ಕಾಣಬಾರದು. ತನ್ನ ಗೋಡೆಯ ಮೇಲಿನ ಅಲಂಕಾರಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಟೊಂಗೆಯನ್ನು ಇಟ್ಟೆನೆಂದು ಕೇಳಿದವರಿಗೆ ಹೇಳಿದರೆ ಅಲ್ಲಿಗೆ ಮೋಸವೂ ಮುಗಿಯಿತು.

ಆದರೂ ಅಜ್ಜನ ಪ್ರಶ್ನೆಯು ಉಳಿದೇ ಇರುತ್ತದೆ. ಅಳಿಸಿದ ವಸ್ತುವು ಯಾವದು? ತಂತಿ. ನೀಲಕಂಠವು ತಂತಿಯ ಮೇಲೆ ಅಂದಕ್ಕಾಗಿ ಕುಳಿತಿರಲಿಲ್ಲ. ಜೀರುಂಡೆ, ಮಿಡತೆ, ಹುಳುಗಳನ್ನು ಎತ್ತರದಿಂದ ನೋಡಿ ಎರಗುವದು ಅದರ ಬೇಟೆಯ ಕ್ರಮ. ಬದುವಿನ ಗಿಡಗಳು ಕಡಿಮೆಯಾದ ಕಡೆ ಅದಕ್ಕೆ ತಂತಿಯೇ ಗಿಡವಾಯಿತು. ಪಾಚಿ ಹಿಡಿದ ಟೊಂಗೆಯ ಮೇಲೆ ಕೂಡ್ರಿಸಿದಾಗ ಆ ಹಕ್ಕಿಯು ಹತ್ತಿಮತ್ತೂರಿನ ಹೊಲವನ್ನು ಬಿಟ್ಟು ಯಾವದೋ ಮಳೆಕಾಡಿಗೆ ಹೋಯಿತು. ಅದಕ್ಕೂ ರೈತನಿಗೂ ಇದ್ದ ನೆರೆಹೊರೆಯು ಕಡಿಯಿತು. ಪ್ಲಾಸ್ಟಿಕ್ ಚೀಲವನ್ನು ಒರೆಸಿದಾಗ ಅದನ್ನು ಅಲ್ಲಿಗೆ ತಂದ ಕೈಯೂ ಒರೆಸಿಹೋಯಿತು. ಹೀಗೆ ತಿದ್ದಿದ ಸಾವಿರ ಚಿತ್ರಗಳನ್ನು ನೋಡಿ ಬೆಳೆದ ಮಗುವು, ಹಕ್ಕಿಗಳು ಮನುಷ್ಯನಿಲ್ಲದ ಬೇರೆ ಲೋಕದಲ್ಲಿ ಸುಖವಾಗಿವೆಯೆಂದು ತಿಳಿದರೆ ಆಶ್ಚರ್ಯವೇನು?

ತಂತಿಯ ಮಾತು ಈ ಸೀಮೆಗೆ ಇನ್ನೂ ಹತ್ತಿರದ್ದು. ಎರೆಭೂತವೆಂದು ಹೆಸರುಳ್ಳ ದೊಡ್ಡ ಹಕ್ಕಿಯೊಂದು ಕೃಷ್ಣಮೃಗಗಳಿಗಾಗಿ 1974ರಲ್ಲಿ ಏರ್ಪಟ್ಟ ರಾಣೆಬೆನ್ನೂರಿನ ಅಭಯಾರಣ್ಯದ ಬಯಲಿನಲ್ಲಿ ಹಿಂದೆ ಕಾಣುತ್ತಿದ್ದಿತು. ಇಂದು ಅದು ದೇಶದಲ್ಲೆಲ್ಲ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ ಉಳಿದಿದೆ. ಭಾರವಾದ ಮೈ, ಮುಂದಿನದನ್ನು ಚೆನ್ನಾಗಿ ಕಾಣದ ಕಣ್ಣು. ಹಾರುವಾಗ ವಿದ್ಯುತ್ತಿನ ತಂತಿಗಳಿಗೆ ಬಡಿದು ಸಾಯುವದು ಅದರ ಅಳಿವಿನ ಮುಖ್ಯ ಕಾರಣಗಳಲ್ಲಿ ಒಂದು. ರಾಜಸ್ಥಾನ ಗುಜರಾತಗಳಲ್ಲಿ ಅದರ ನೆಲೆಯ ತಂತಿಗಳನ್ನು ನೆಲದೊಳಗೆ ಹೂಳಬೇಕೆಂದು 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು; 2024ರಲ್ಲಿ ಆ ಆಜ್ಞೆಯನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಒಂದು ಹಕ್ಕಿಗೆ ಕೂಡ್ರುವ ತಾಣವೂ ಇನ್ನೊಂದಕ್ಕೆ ಮೃತ್ಯುಪಾಶವೂ ಆದ ಈ ತಂತಿಯು ಚಿತ್ರಕ್ಕೆ ಅಂಟಿದ ಕೊಳೆಯಲ್ಲ.

ಮಾಗಡಿಯ ಹೆಬ್ಬಾತುಗಳ ಜಾತಿಯಲ್ಲಿಯೂ ಇಂಥದೇ ಒಂದು ನಿದರ್ಶನವಿದೆ. ಮಂಗೋಲಿಯಾದಲ್ಲಿ ಸಂಶೋಧಕರು ಕೆಲವು ಹೆಬ್ಬಾತುಗಳ ಕೊರಳಿಗೆ ಅಕ್ಷರ ಅಂಕೆಗಳುಳ್ಳ ಹಸಿರು ಪಟ್ಟಿಯನ್ನು ತೊಡಿಸಿ ಬಿಟ್ಟರು. ಅಂಥ ಪಟ್ಟಿಯುಳ್ಳ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಳ್ಳಿಯ ಕೆರೆಯ ದಂಡೆಯಲ್ಲಿ ಕುಳಿತ ಹವ್ಯಾಸಿಯೊಬ್ಬನ ಚಿತ್ರದಲ್ಲಿ ಆ ಅಕ್ಷರಗಳು ಸ್ಪಷ್ಟವಾಗಿ ಬಂದರೆ, ಆ ಹಕ್ಕಿಯು ಎಲ್ಲಿಂದ ಹೊರಟು ಎಲ್ಲಿಗೆ ಬಂದಿತೆಂಬದು ಜಗತ್ತಿಗೆ ತಿಳಿಯುವದು. ಅಂದಗಾರನಿಗೆ ಆ ಪಟ್ಟಿಯು ಕಾಡುಹಕ್ಕಿಯ ಕೊರಳಿನ ಕಳಂಕ. ಎರಡು ನಿಮಿಷದಲ್ಲಿ ಒರೆಸಿ ಹಾಕಬಲ್ಲನು. ಆಗ ಉಳಿಯುವದು ಸುಂದರವಾದ ಒಂದು ಹೆಬ್ಬಾತು, ಎಲ್ಲಿಯದೂ ಅಲ್ಲದ್ದು.

ತರುಣನು ಆ ಸಂಜೆ ಮೂಲದ ಚಿತ್ರವನ್ನು ಮತ್ತೆ ತೆರೆದನೆಂದು ಎಣಿಸಿಕೊಳ್ಳಬಹುದು. ನೀಲಿಯನ್ನು ತಾನು ಬೆಳಗಿನಲ್ಲಿ ಕಂಡಷ್ಟೇ ಏರಿಸಿದನು. ತಂತಿಯನ್ನೂ ಚೀಲವನ್ನೂ ಇದ್ದಂತೆ ಬಿಟ್ಟನು. ಹಿಂದಿನದರಷ್ಟು ಅಂದವಾಗಿಲ್ಲವೆಂದು ಅವನಿಗೇ ಅನಿಸಿತು. ಅಜ್ಜನ ಮುಂದೆ ಇಟ್ಟಾಗ ಅವನು ಚಾಳೀಸನ್ನು ಸರಿಪಡಿಸಿಕೊಂಡು, "ಹಾಂ, ಇದು ನಮ್ಮ ಬಾವಿ ಲೈನು. ಹಿಂದ ಕಾಣೂದು ಬದುವಿನ ಜಾಲಿ. ಅಲ್ಲೊಂದು ದೊಡ್ಡ ಬನ್ನಿಗಿಡ ಇತ್ತೋ, ನಿಮ್ಮಪ್ಪ ಸಣ್ಣಾಂವ ಇದ್ದಾಗ. ಈ ಹಕ್ಕಿ ಅದರ ಮ್ಯಾಲೇ ಕೂಡ್ರತಿತ್ತು" ಎಂದು, ಆ ಬನ್ನಿಯನ್ನು ಯಾರು, ಯಾವ ವರ್ಷ, ಏತಕ್ಕಾಗಿ ಕಡಿದರೆಂಬದನ್ನು ಹೇಳತೊಡಗಿದನು.